ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕೋದು ಹೇಗೆ, ಆ 500 ಎರರ್ ಯಾಕೆ ಬಂತು

ಪ್ರಶ್ನೆ: ಸರ್ ನಮಸ್ಕಾರ. ನಮ್ಮೂರಲ್ಲಿ ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋ ಒಂದು ಸಂಘ ಇದೆ, ಅದರ ವೆಬ್‌ಸೈಟ್ ನಾನು ನೋಡ್ಕೋತೀನಿ. ಶೇರ್ಡ್ ಹೋಸ್ಟಿಂಗು, ಸಿಪ್ಯಾನೆಲ್ ಇದೆ, ಮೇನ್ ಸೈಟು ವರ್ಡ್‌ಪ್ರೆಸ್. ಈ ಸಲದ ಅರ್ಜಿಗಳ ಸ್ಕ್ಯಾನ್ ಕಾಪಿ, ಅಂದ್ರೆ ಮಾರ್ಕ್ಸ್ ಕಾರ್ಡು, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಮೊದಲ ಪುಟ, ಆಧಾರು ಎಲ್ಲಾ ಒಂದು ಫೋಲ್ಡರ್‌ಗೆ ಹಾಕಿದೀನಿ. ಕಮಿಟಿಯ 6 ಜನ ಬೇರೆ ಬೇರೆ ಊರಲ್ಲಿದಾರೆ, ಅವರು ನೋಡಿ ಆಯ್ಕೆ ಮಾಡ್ಬೇಕು. ಲಿಂಕು ಅವರಿಗೆ ಮಾತ್ರ ಕಳ್ಸಿದೀನಿ, ರೋಬೋಟ್ಸ್ ಫೈಲಲ್ಲೂ ಆ ಫೋಲ್ಡರ್ ನೋಡ್ಬೇಡ ಅಂತ ಬರ್ದಿದೀನಿ. ಇಷ್ಟು ಸಾಕಾ? ಫ್ರೆಂಡೊಬ್ಬ ಎಚ್‌ಟಿಆಕ್ಸೆಸ್ ಹಾಕಿ ಪಾಸ್‌ವರ್ಡ್ ಇಡು ಅಂತ ವಾಟ್ಸಾಪಲ್ಲಿ ನಾಕು ಸಾಲು ಕಳ್ಸಿದ, ಪೇಸ್ಟ್ ಮಾಡಿದ ತಕ್ಷಣ 500 ಎರರ್ ಬಂತು, ಹೆದರಿ ತೆಗೆದ್ಬಿಟ್ಟೆ. ಸರಿಯಾದ ದಾರಿ ಹೇಳಿ.

ಉತ್ತರ:

ಸಾಕಾಗಲ್ಲ. ಮುಂದಕ್ಕೆ ಓದೋಕೆ ಮುಂಚೆ ಒಂದು ಕೆಲಸ ಮಾಡಿ ಬನ್ನಿ. ಸಿಪ್ಯಾನೆಲ್‌ನಲ್ಲಿ, ಅಂದ್ರೆ ಹೋಸ್ಟಿಂಗ್ ನೋಡ್ಕೊಳ್ಳೋ ಆ ಪೇಜಲ್ಲಿ, ಫೈಲ್ ಮ್ಯಾನೇಜರ್ ತೆಗೀರಿ, ಆ ಫೋಲ್ಡರ್ ಸೆಲೆಕ್ಟ್ ಮಾಡಿ, ಸೈಟಿನ ಫೈಲೆಲ್ಲಾ ಇರೋ ಪಬ್ಲಿಕ್ ಎಚ್‌ಟಿಎಂಎಲ್ ಅನ್ನೋ ಫೋಲ್ಡರ್‌ನಿಂದ ಹೊರಗೆ, ಅದರ ಒಂದು ಮೆಟ್ಟಿಲು ಮೇಲಕ್ಕೆ ಮೂವ್ ಮಾಡಿಬಿಡಿ. ಅಲ್ಲಿಟ್ಟಿದ್ದು ವೆಬ್ ಅಡ್ರೆಸ್ಸಿಂದ ಯಾರಿಗೂ ಸಿಗಲ್ಲ, ಫೈಲು ಮಾತ್ರ ಹಂಗೇ ಇರತ್ತೆ. ಒಂದು ನಿಮಿಷದ ಕೆಲಸ. ಕಮಿಟಿಯವರಿಗೆ ಒಂದು ದಿನ ಲಿಂಕ್ ಕೆಲಸ ಮಾಡಲ್ಲ ಅಂತ ಮೆಸೇಜ್ ಹಾಕಿ, ಬೇಜಾರಾದ್ರೂ ಪರವಾಗಿಲ್ಲ. ಅಪ್ಪ ಅಮ್ಮ ನಂಬಿ ಕೊಟ್ಟ ಮಕ್ಕಳ ಕಾಗದ ಅದು, ಪಾಸ್‌ಬುಕ್ಕೂ ಆಧಾರೂ ಒಟ್ಟಿಗೆ ಸಿಕ್ಕರೆ ಏನೇನಾಗಬಹುದು ಅಂತ ನಿಮಗೇ ಗೊತ್ತು. ಬೀಗ ರೆಡಿ ಆದಮೇಲೆ ವಾಪಸ್ ತಂದಿಡೋಣ.

ಈಗ ರೋಬೋಟ್ಸ್ ಫೈಲ್ ವಿಷಯ, ಯಾಕಂದ್ರೆ ತುಂಬಾ ಜನ ಇದನ್ನ ಬೀಗ ಅಂದ್ಕೊಂಡಿದಾರೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅನ್ನೋರು ಸರ್ಚ್ ಮಾಡೋ ಪ್ರೋಗ್ರಾಮುಗಳಿಗೆ ಇಲ್ಲಿಗೆ ಬನ್ನಿ ಇಲ್ಲಿಗೆ ಬರಬೇಡಿ ಅಂತ ಹೇಳೋಕೆ ಒಂದು ಪದ್ಧತಿ ಬೇಕು ಅಂತ ಸೂಚಿಸಿದ್ದು ಅದು. ಮರ್ಯಾದೆ ಇರೋ ಸರ್ಚ್ ಇಂಜಿನ್ ಕೇಳತ್ತೆ, ಕೇಳದೇ ಇರೋದನ್ನ ತಡೆಯೋ ಶಕ್ತಿ ಅದಕ್ಕಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ ಆ ಫೈಲೇ ಎಲ್ಲರಿಗೂ ಓದೋಕೆ ಸಿಗತ್ತೆ, ನಿಮ್ಮ ಸೈಟಿನ ಹೆಸರಿನ ಮುಂದೆ ಸ್ಲ್ಯಾಶ್ ಹಾಕಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಟೈಪ್ ಮಾಡಿದ್ರೆ ಸಾಕು. ಯಾವ ಫೋಲ್ಡರ್ ಮುಚ್ಚಿಡ್ಬೇಕು ಅಂದ್ಕೊಂಡ್ರೋ ಅದರ ಹೆಸರನ್ನೇ ಅಲ್ಲಿ ಬರೆದು ತೋರಿಸಿದೀರಿ. ಕಂಪೌಂಡ್ ಗೋಡೆ ಮೇಲೆ ಒಡವೆ ಹಿತ್ತಲ ಕೋಣೆಯಲ್ಲಿದೆ ದಯವಿಟ್ಟು ಹೋಗಬೇಡಿ ಅಂತ ಬರೆದಂಗಾಯ್ತು. ಆ ಸಾಲನ್ನ ತೆಗೆದುಬಿಡಿ, ಪಾಸ್‌ವರ್ಡ್ ಹಾಕಿದಮೇಲೆ ಅದು ಬೇಕಾಗೋದೇ ಇಲ್ಲ. ಫೋಲ್ಡರ್ ವಾಪಸ್ ಇಡುವಾಗ ಹೆಸರೂ ಬದಲಾಯಿಸಿ.

ಲಿಂಕ್ ಅವರಿಗೆ ಮಾತ್ರ ಗೊತ್ತು ಅನ್ನೋದೂ ಅಷ್ಟೇ. ಆರು ಜನರಲ್ಲಿ ಒಬ್ಬರು ಮನೆಯಲ್ಲಿ ಮಗನ ಹತ್ರ ಪ್ರಿಂಟ್ ತೆಗೆಸೋಕೆ ಫಾರ್ವರ್ಡ್ ಮಾಡ್ತಾರೆ, ಅವನ ಫೋನಿಂದ ಜೆರಾಕ್ಸ್ ಅಂಗಡಿಗೆ ಹೋಗತ್ತೆ, ಅಲ್ಲಿನ ಕಂಪ್ಯೂಟರ್ ಹಿಸ್ಟರಿಯಲ್ಲಿ ಉಳಿಯತ್ತೆ. ಯಾರೂ ಕೆಟ್ಟದ್ದು ಮಾಡೋಕೆ ಹೊರಟಿಲ್ಲ, ಆದ್ರೂ ಲಿಂಕ್ ಎಲ್ಲಿಗೋ ತಲುಪಿರತ್ತೆ. ಇನ್ನೊಂದು, ಫೋಲ್ಡರಲ್ಲಿ ಇಂಡೆಕ್ಸ್ ಪೇಜ್, ಅಂದ್ರೆ ಫೋಲ್ಡರ್ ತೆರೆದಾಗ ಮೊದಲು ಕಾಣೋ ಪೇಜ್, ಇಲ್ಲದಿದ್ರೆ ಎಷ್ಟೋ ಸರ್ವರ್‌ಗಳು ಒಳಗಿರೋ ಎಲ್ಲಾ ಫೈಲಿನ ಪಟ್ಟಿಯನ್ನೇ ತೋರಿಸಿಬಿಡ್ತವೆ, ಅಡ್ರೆಸ್ ಸಿಕ್ಕವನಿಗೆ ಒಂದು ಫೈಲಲ್ಲ, ಪೂರ್ತಿ ಕಟ್ಟೇ ಸಿಗತ್ತೆ. ಫೈಲ್ ಹೆಸರು 1, 2, 3 ಅಂತ ಇಟ್ಟಿದ್ರಂತೂ ಪಟ್ಟಿಯೂ ಬೇಡ, ಊಹೆ ಸಾಕು.

ಹಾಗಾಗಿ ನಿಮ್ಮ ಫ್ರೆಂಡ್ ಹೇಳಿದ್ದೇ ಸರಿ, ಪಾಸ್‌ವರ್ಡೇ ಬೇಕು. ಹೇಗೆ ಕೆಲಸ ಮಾಡತ್ತೆ ಅಂತ ಸ್ವಲ್ಪ ಹೇಳ್ತೀನಿ, ಇದು ಗೊತ್ತಿದ್ರೆ ಆಮೇಲೆ ಬರೋ ಎರರ್‌ಗೆ ಹೆದರೋದು ತಪ್ಪತ್ತೆ.

ಯಾರಾದ್ರೂ ಆ ಫೋಲ್ಡರಿನ ಫೈಲ್ ಕೇಳಿದಾಗ ಸರ್ವರ್ 401 ಅನ್ನೋ ಉತ್ತರ ಕೊಡತ್ತೆ, ಅಂದ್ರೆ ಮೊದಲು ನೀನು ಯಾರು ಹೇಳು ಅಂತ. ಆಗ ಬ್ರೌಸರ್ ಯೂಸರ್‌ನೇಮ್ ಪಾಸ್‌ವರ್ಡ್ ಕೇಳೋ ಸಣ್ಣ ಬಾಕ್ಸ್ ತೋರಿಸತ್ತೆ. ತುಂಬಿದ ಮೇಲೆ ಅದೇ ಫೈಲನ್ನ ಬ್ರೌಸರ್ ಇನ್ನೊಂದ್ಸಲ ಕೇಳತ್ತೆ, ಈ ಸಲ ಆ ಎರಡನ್ನೂ ಜೊತೆಗೆ ಕಳ್ಸತ್ತೆ. ಸರ್ವರ್ ತನ್ನ ಹತ್ರ ಇರೋ ಪಾಸ್‌ವರ್ಡ್ ಫೈಲ್ ಜೊತೆ ಹೊಂದಿಸಿ ನೋಡಿ ಸರಿ ಇದ್ರೆ ಕೊಡತ್ತೆ. ಅದಾದಮೇಲೆ ಆ ಫೋಲ್ಡರ್‌ನ ಪ್ರತಿ ಫೈಲ್‌ಗೂ ಬ್ರೌಸರೇ ತಾನಾಗಿ ಪಾಸ್‌ವರ್ಡ್ ಕಳಿಸ್ತಾ ಇರತ್ತೆ, ನಿಮ್ಮನ್ನ ಮತ್ತೆ ಮತ್ತೆ ಕೇಳಲ್ಲ. ಇದಕ್ಕೆ ಬೇಸಿಕ್ ಆಥೆಂಟಿಕೇಶನ್ ಅಂತಾರೆ, 1996ರ ಎಚ್‌ಟಿಟಿಪಿ ದಾಖಲೆಯಲ್ಲೇ ಇದೆ, 2015ರಲ್ಲಿ ಮತ್ತೆ ಪರಿಷ್ಕರಿಸಿ ಬರೆದ್ರು. ಡಾಟ್ ಎಚ್‌ಟಿಆಕ್ಸೆಸ್ ಅನ್ನೋದು ಒಂದು ಫೋಲ್ಡರ್‌ಗೆ ಈ ಬೀಗದಂಥ ನಿಯಮ ಬರೆದಿಡೋ ಫೈಲು, ವೆಬ್‌ಸೈಟ್ ಕೊಡೋ ಅಪಾಚೆ ಅನ್ನೋ ಸರ್ವರ್ ಪ್ರೋಗ್ರಾಮಿಗಿಂತ ಹಳೇದು, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರಿಂದ ಬಂದಿದ್ದು, 1995ರಲ್ಲಿ ಆ ಸರ್ವರನ್ನೇ ತಿದ್ದಿ ಬೆಳೆಸಿ ಅಪಾಚೆ ಮಾಡಿದಾಗ ಇದೂ ಜೊತೆಗೆ ಬಂತು. ಹಳೇದು ಅಂತ ತಳ್ಳಿಹಾಕ್ಬೇಡಿ, ಆರು ಜನಕ್ಕೆ ಒಂದು ಫೋಲ್ಡರ್ ತೋರಿಸೋಕೆ ಇದಕ್ಕಿಂತ ಸರಳವಾದ ಗಟ್ಟಿ ಬೀಗ ನಾನು ಕಂಡಿಲ್ಲ. ಮೆಂಬರ್‌ಶಿಪ್ ಪ್ಲಗಿನ್ ಹಾಕ್ತೀನಿ ಅಂತ ಹೋಗ್ಬೇಡಿ, ಎಷ್ಟೋ ಪ್ಲಗಿನ್‌ಗಳು ಪೇಜನ್ನ ಮಾತ್ರ ಮುಚ್ತವೆ, ಪಿಡಿಎಫ್‌ನ ನೇರ ಲಿಂಕ್ ತೆರೆದೇ ಇರತ್ತೆ. ವರ್ಡ್‌ಪ್ರೆಸ್ ಪೇಜಿಗೆ ಪಾಸ್‌ವರ್ಡ್ ಇಡೋ ಸೌಲಭ್ಯವೂ ಹಂಗೇ, ಪೇಜಿಗೆ ಅಷ್ಟೇ, ಅದರೊಳಗಿನ ಲಿಂಕಿಗಲ್ಲ.

ನಿಮಗೆ ಸಿಪ್ಯಾನೆಲ್ ಇರೋದ್ರಿಂದ ಕೈಯಾರೆ ಏನೂ ಬರೆಯೋ ಅಗತ್ಯ ಇಲ್ಲ. ಫೈಲ್ಸ್ ಅನ್ನೋ ಭಾಗದಲ್ಲಿ ಡೈರೆಕ್ಟರಿ ಪ್ರೈವಸಿ ಅಂತ ಇರತ್ತೆ, ಹಳೇ ವರ್ಷನ್ನಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟ್ ಡೈರೆಕ್ಟರೀಸ್ ಅಂತಿತ್ತು. ಪಬ್ಲಿಕ್ ಎಚ್‌ಟಿಎಂಎಲ್ ಒಳಗೆ ಮೊದಲು ಹೊಸ ಹೆಸರಲ್ಲಿ ಒಂದು ಖಾಲಿ ಫೋಲ್ಡರ್ ಮಾಡ್ಕೊಳ್ಳಿ, ಅದನ್ನ ಅಲ್ಲಿ ಹುಡುಕಿ ಎಡಿಟ್ ಒತ್ತಿ, ಪಾಸ್‌ವರ್ಡ್ ಪ್ರೊಟೆಕ್ಟ್ ಅನ್ನೋ ಕಡೆ ಟಿಕ್ ಹಾಕಿ, ಒಂದು ಹೆಸರು ಕೊಟ್ಟು ಸೇವ್ ಮಾಡಿ. ಇಲ್ಲಿ ತುಂಬಾ ಜನ ಕೆಲಸ ಮುಗೀತು ಅಂತ ಎದ್ದು ಹೋಗ್ತಾರೆ, ಮುಗಿದಿರಲ್ಲ, ಅದೇ ಪೇಜಿಗೆ ವಾಪಸ್ ಬಂದು ಕೆಳಗೆ ಯೂಸರ್ ಸೇರಿಸ್ಬೇಕು, ಇಲ್ಲದಿದ್ರೆ ಬೀಗ ಬಿದ್ದಿರತ್ತೆ ಆದ್ರೆ ಯಾರ ಹತ್ರಾನೂ ಕೀಲಿಕೈ ಇರಲ್ಲ. ಖಾಲಿ ಫೋಲ್ಡರ್‌ಗೆ ಬೀಗ ಹಾಕಿ, ಪರೀಕ್ಷೆ ಮಾಡಿ, ಎಲ್ಲಾ ಸರಿ ಇದೆ ಅಂತ ಖಾತ್ರಿ ಆದಮೇಲೆ ಫೈಲ್‌ಗಳನ್ನ ಒಳಗೆ ತನ್ನಿ. ಈ ಕ್ರಮ ತಪ್ಪಿಸ್ಬೇಡಿ.

ಆರು ಜನಕ್ಕೆ ಆರು ಯೂಸರ್ ಮಾಡಿ, ಒಂದೇ ಪಾಸ್‌ವರ್ಡನ್ನ ಗ್ರೂಪಿಗೆ ಹಾಕ್ಬೇಡಿ. ಕಾರಣ ಎರಡು. ಒಬ್ಬರು ಕಮಿಟಿ ಬಿಟ್ರೆ ಅವರ ಯೂಸರ್ ಒಂದೇ ಅಳಿಸಬಹುದು, ಉಳಿದೈದು ಜನಕ್ಕೆ ಹೊಸ ಪಾಸ್‌ವರ್ಡ್ ಹೇಳೋ ತಾಪತ್ರಯ ಇಲ್ಲ. ಇನ್ನೊಂದು, ಯಾರು ಯಾವಾಗ ಏನು ಕೇಳಿದ್ರು ಅಂತ ಸರ್ವರ್ ಬರೆದಿಡೋ ಆಕ್ಸೆಸ್ ಲಾಗ್‌ನಲ್ಲಿ ಪ್ರತಿ ಸಾಲಿನ ಮೂರನೇ ಜಾಗದಲ್ಲಿ ಯೂಸರ್‌ನೇಮ್ ಬರತ್ತೆ, ಬೀಗ ಇಲ್ಲದ ಕಡೆ ಬರೀ ಅಡ್ಡಗೆರೆ ಇರತ್ತೆ, ಹಾಗಾಗಿ ಯಾವ ಫೈಲನ್ನ ಯಾರ ಯೂಸರಿಂದ ಯಾವಾಗ ತೆಗೆದ್ರು ಅಂತ ಗೊತ್ತಾಗತ್ತೆ. ಕಮಿಟಿಯಲ್ಲಿ ಹಿರಿಯರಿದ್ರೆ ಎಲ್ಲರಿಗೂ ಒಂದೇ ಕೊಡಪ್ಪ ಸುಲಭ ಆಗತ್ತೆ ಅಂತಾರೆ, ನನಗೂ ಹಂಗೆ ಹೇಳಿದ್ರು. ಆಗ ನಾನು ಅವರ ಹತ್ರ ಕೂತು ಅವರ ಫೋನಲ್ಲೇ ಒಂದ್ಸಲ ತೆಗೆದು ತೋರಿಸಿದೆ, ಐದು ನಿಮಿಷ ಹಿಡಿತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಪಾಸ್‌ವರ್ಡ್ ಹೆಂಗಿರ್ಬೇಕು ಅಂದ್ರೆ ಉದ್ದ ಇರ್ಬೇಕು, ಅದೇ ಮುಖ್ಯ. ಈ ಬೇಸಿಕ್ ಪದ್ಧತಿಯಲ್ಲಿ ಇಷ್ಟು ಸಲ ತಪ್ಪಾದ್ರೆ ಲಾಕ್ ಆಗೋದು ಅಂತ ಏನಿಲ್ಲ, ಪ್ರೋಗ್ರಾಮ್ ಇಟ್ಕೊಂಡು ರಾತ್ರಿಯೆಲ್ಲಾ ಪ್ರಯತ್ನ ಮಾಡಬಹುದು. ಸ್ವಂತ ಸರ್ವರ್ ಆಗಿದ್ರೆ ಫೇಲ್‌ಟುಬ್ಯಾನ್ ಅಂತ ಪ್ರೋಗ್ರಾಮ್ ಹಾಕಿ ತಪ್ಪು ಮಾಡ್ತಾನೇ ಇರೋ ಐಪಿಗಳನ್ನ, ಅಂದ್ರೆ ಇಂಟರ್‌ನೆಟ್ಟಲ್ಲಿ ಅವರ ನಂಬರುಗಳನ್ನ, ಹೊರಗಿಡಬಹುದು, ಶೇರ್ಡ್ ಹೋಸ್ಟಿಂಗಲ್ಲಿ ಅದು ನಿಮ್ಮ ಕೈಲಿಲ್ಲ. ಹಾಗಾಗಿ ಸಂಘದ ಹೆಸರು, ಊರಿನ ಹೆಸರಿನ ಮುಂದೆ 123, ಇವೆಲ್ಲಾ ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಕೈದು ಕನ್ನಡ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ, ಒನಕೆ ಜಾಜಿ ಬಸ್ಸು ಹುರಳಿ ಥರ, ಆದ್ರೆ ಇದನ್ನೇ ಇಡ್ಬೇಡಿ, ನಿಮ್ಮದೇ ಹುಡುಕಿ. ಫೋನಲ್ಲಿ ಓದಿ ಹೇಳೋಕೂ ಸುಲಭ, ಹಿರಿಯರಿಗೆ ನೆನಪೂ ಇರತ್ತೆ. ಕನ್ನಡ ಅಕ್ಷರದಲ್ಲೇ ಪಾಸ್‌ವರ್ಡ್ ಇಡೋಕೆ ಹೋಗ್ಬೇಡಿ, 2015ರ ದಾಖಲೆಯಲ್ಲಿ ಅದಕ್ಕೆ ದಾರಿ ಇದೆ ಆದ್ರೆ ಎಲ್ಲಾ ಕಡೆ ಒಂದೇ ಥರ ನಡೆಯತ್ತೆ ಅಂತ ನಂಬೋ ಹಾಗಿಲ್ಲ. ಯೂಸರ್‌ನೇಮ್ ವಾಟ್ಸಾಪಲ್ಲಿ ಕಳ್ಸಿ, ಪಾಸ್‌ವರ್ಡ್ ಫೋನ್ ಮಾಡಿ ಹೇಳಿ.

ಈಗ ನಿಮ್ಮ 500 ಎರರ್. ಸಿಪ್ಯಾನೆಲ್‌ ಒಳಗೆ ಒಳಗೇ ಬರೆಯೋದೂ ಅದೇ ನಾಕು ಸಾಲು, ಹಾಗಾಗಿ ತಿಳ್ಕೊಂಡಿರೋದು ಒಳ್ಳೇದು. ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಇರತ್ತೆ, ನಾನಿಲ್ಲಿ ಉಚ್ಚಾರಣೆ ಬರೀತಿದೀನಿ. ಮೊದಲ ಸಾಲು ಆತ್‌ಟೈಪ್ ಬೇಸಿಕ್, ಯಾವ ಥರದ ಬೀಗ ಅನ್ನೋದು. ಎರಡನೇದು ಆತ್‌ನೇಮ್, ಅದರ ಮುಂದೆ ನೀವು ಕೊಟ್ಟ ಹೆಸರು, ಹೆಸರಿನ ಮಧ್ಯೆ ಜಾಗ ಇದ್ರೆ ಉದ್ಧರಣ ಚಿಹ್ನೆ ಒಳಗೆ ಹಾಕಲೇಬೇಕು. ಮೂರನೇದು ಆತ್‌ಯೂಸರ್‌ಫೈಲ್, ಪಾಸ್‌ವರ್ಡ್ ಫೈಲ್ ಎಲ್ಲಿದೆ ಅನ್ನೋ ಪೂರ್ತಿ ದಾರಿ. ನಾಕನೇದು ರಿಕ್ವೈರ್ ವ್ಯಾಲಿಡ್ ಯೂಸರ್, ಮಧ್ಯೆ ಒಂದು ಅಡ್ಡಗೆರೆ, ಅಂದ್ರೆ ಆ ಫೈಲಲ್ಲಿ ಹೆಸರಿರೋ ಯಾರಾದ್ರೂ ಸರಿ, ಪಾಸ್‌ವರ್ಡ್ ಹೊಂದಿದ್ರೆ ಬಿಡು ಅಂತ. ಅಷ್ಟೇ ಇರೋದು.

ಸರ್ವರ್‌ಗೆ ಇದರಲ್ಲಿ ಒಂದು ಅಕ್ಷರ ಅರ್ಥ ಆಗಲಿಲ್ಲ ಅಂದ್ರೂ ಊಹೆ ಮಾಡೋಕೆ ಹೋಗಲ್ಲ, ಆ ಫೋಲ್ಡರ್ ಪೂರ್ತಿ 500, ಅಂದ್ರೆ ನನ್ನೊಳಗೇ ಏನೋ ಕೆಟ್ಟಿದೆ, ಅಂದುಬಿಡತ್ತೆ. ವಾಟ್ಸಾಪಿಂದ ಪೇಸ್ಟ್ ಮಾಡಿದ್ರೆ ಹೀಗಾಗೋಕೆ ಎರಡು ಮೂರು ಕಾರಣ ಇರತ್ತೆ. ಫೋನ್ ಕೀಬೋರ್ಡ್ ಅಥವಾ ವರ್ಡ್ ನೇರ ಉದ್ಧರಣ ಚಿಹ್ನೆಯನ್ನ ಬಾಗಿದ ಚಿಹ್ನೆ ಮಾಡಿಬಿಡತ್ತೆ, ನೋಡೋಕೆ ಚಂದ ಆದ್ರೆ ಅಪಾಚೆಗೆ ಅದು ಚಿಹ್ನೆಯೇ ಅಲ್ಲ. ಎರಡು ಸಾಲು ಸೇರಿ ಒಂದಾಗಿರತ್ತೆ ಅಥವಾ ಒಂದು ಸಾಲು ಮಧ್ಯದಲ್ಲಿ ಮುರಿದಿರತ್ತೆ. ನೋಟ್‌ಪ್ಯಾಡಲ್ಲಿ ಸೇವ್ ಮಾಡುವಾಗ ಯುಟಿಎಫ್-8 ಜೊತೆ ಬಾಮ್ ಅನ್ನೋ ಕಣ್ಣಿಗೆ ಕಾಣದ ಗುರುತು ಫೈಲಿನ ಶುರುವಿಗೆ ಸೇರಿದ್ರೂ ಕೆಲವು ಸರ್ವರಲ್ಲಿ ಇದೇ ಗತಿ. ನೀವು ಪೇಸ್ಟ್ ಮಾಡಿದ ತಕ್ಷಣ, ಬಾಕ್ಸ್ ಬರೋಕೆ ಮುಂಚೇನೇ 500 ಬಂತು ಅಂದಿದೀರಿ, ಅಂದ್ರೆ ಬಹುಶಃ ಇದರಲ್ಲೇ ಒಂದು.

ಬಾಕ್ಸ್ ಬಂದು, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟಮೇಲೆ 500 ಬಂದ್ರೆ ಕಾಯಿಲೆ ಬೇರೆ. ಆಗ ನಾಕು ಸಾಲೂ ಸರಿ ಇದೆ, ಸರ್ವರ್‌ಗೆ ಪಾಸ್‌ವರ್ಡ್ ಫೈಲೇ ಸಿಗ್ತಿಲ್ಲ ಅಥವಾ ಓದೋಕೆ ಪರ್ಮಿಷನ್ ಇಲ್ಲ. ಅಲ್ಲಿ ಕೊಡ್ಬೇಕಾಗಿರೋದು ವೆಬ್ ಅಡ್ರೆಸ್ ಅಲ್ಲ, ಸರ್ವರಿನ ಡಿಸ್ಕ್ ಮೇಲಿನ ದಾರಿ, ಸ್ಲ್ಯಾಶ್ ಹೋಮ್, ಸ್ಲ್ಯಾಶ್ ನಿಮ್ಮ ಅಕೌಂಟ್ ಹೆಸರು, ಆಮೇಲೆ ಮುಂದಿನದು. ಅರ್ಧ ದಾರಿ ಕೊಟ್ರೆ ಅಪಾಚೆ ತಾನು ಇನ್‌ಸ್ಟಾಲ್ ಆಗಿರೋ ಜಾಗದಿಂದ ಹುಡುಕತ್ತೆ, ನಿಮ್ಮ ಫೋಲ್ಡರಿಂದ ಅಲ್ಲ. ಬೇರೆ ಹೋಸ್ಟಿಂಗಿಗೆ ಸೈಟ್ ಮೂವ್ ಮಾಡಿದಾಗ ಬೀಗ ಕೆಡೋದು ಮುಕ್ಕಾಲು ಪಾಲು ಇದಕ್ಕೇನೇ, ಹಳೇ ಅಕೌಂಟ್ ಹೆಸರು ಹಂಗೇ ಉಳಿದಿರತ್ತೆ.

ಬಾಕ್ಸ್ ಮತ್ತೆ ಮತ್ತೆ ಬರ್ತಾ ಇದ್ರೆ ಪಾಸ್‌ವರ್ಡ್ ಹೊಂದ್ತಿಲ್ಲ ಅಷ್ಟೇ, ಫೋನ್ ಕೀಬೋರ್ಡ್ ಮೊದಲ ಅಕ್ಷರವನ್ನ ದೊಡ್ಡದು ಮಾಡಿರತ್ತೆ ಇಲ್ಲಾ ಕೊನೆಗೆ ಸ್ಪೇಸ್ ಸೇರಿರತ್ತೆ. ಬಾಕ್ಸೇ ಬರದೆ ಫೈಲ್ ನೇರವಾಗಿ ತೆರೆದ್ರೆ ಮಾತ್ರ ಗಾಬರಿ ಆಗ್ಬೇಕು, ಅಂದ್ರೆ ಸರ್ವರ್ ನಿಮ್ಮ ಫೈಲನ್ನ ನೋಡ್ತಾನೇ ಇಲ್ಲ. ನೋಟ್‌ಪ್ಯಾಡ್ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸಿರಬಹುದು, ಫೈಲ್ ಮ್ಯಾನೇಜರ್ ಸೆಟ್ಟಿಂಗ್ಸಲ್ಲಿ ಹಿಡನ್ ಫೈಲ್ಸ್ ತೋರಿಸು ಅಂತ ಟಿಕ್ ಹಾಕಿ ನೋಡಿ, ಡಾಟ್‌ನಿಂದ ಶುರುವಾಗೋ ಫೈಲ್‌ಗಳು ಇಲ್ಲದಿದ್ರೆ ಕಾಣಲ್ಲ. ಸ್ವಂತ ವಿಪಿಎಸ್, ಅಂದ್ರೆ ಪೂರ್ತಿ ತಮ್ಮ ಕೈಲಿರೋ ಬಾಡಿಗೆ ಸರ್ವರ್, ತಗೊಂಡು ಅಪಾಚೆ 2.4 ಹಾಕಿದವರಿಗೆ ಅಲೌಓವರ್‌ರೈಡ್ ಅನ್ನೋ ಸೆಟ್ಟಿಂಗ್ ನನ್, ಅಂದ್ರೆ ಯಾವುದೂ ಇಲ್ಲ, ಅಂತ ಇರತ್ತೆ, ಅದನ್ನ ಆತ್‌ಕಾನ್ಫಿಗ್ ಅಂತ ಬದಲಾಯಿಸೋವರೆಗೂ ಡಾಟ್ ಎಚ್‌ಟಿಆಕ್ಸೆಸ್‌ಗೆ ಬೆಲೆಯೇ ಇಲ್ಲ. ಅಪಾಚೆ ಥರದ್ದೇ ಇನ್ನೊಂದು, ಎಂಜಿನ್‌ಎಕ್ಸ್ ಸರ್ವರ್ ಅಂತೂ ಈ ಫೈಲನ್ನ ಓದೋದೇ ಇಲ್ಲ, ಅದರಲ್ಲಿ ಮೇನ್ ಕಾನ್ಫಿಗರೇಶನ್ ಒಳಗೇ ಆತ್ ಬೇಸಿಕ್ ಅಂತ ಬೇರೆ ಸಾಲು ಬರೀಬೇಕು, ಪಾಸ್‌ವರ್ಡ್ ಫೈಲ್ ಮಾತ್ರ ಎರಡಕ್ಕೂ ಒಂದೇ ಥರದ್ದು ನಡೆಯತ್ತೆ.

ನಿಮ್ಮದು ವರ್ಡ್‌ಪ್ರೆಸ್ ಇರೋದ್ರಿಂದ ಇನ್ನೊಂದು ವಿಚಿತ್ರ ಕಾಣಬಹುದು, ಬಾಕ್ಸ್ ಬರೋ ಬದಲು ನಿಮ್ಮ ಸೈಟಿನದೇ ಪೇಜ್ ಸಿಗಲಿಲ್ಲ ಅನ್ನೋ 404 ಬರತ್ತೆ. ಇದರಲ್ಲಿ ಒಂದಿಡೀ ಸಂಜೆ ಕಳೆದವರನ್ನ ನಾನು ಕಂಡಿದೀನಿ. ಆಗೋದೇನಂದ್ರೆ, 401 ಕೊಡುವಾಗ ತೋರಿಸೋಕೆ ಹೋಸ್ಟಿಂಗ್‌ನವರು ಒಂದು ಎರರ್ ಪೇಜಿನ ಹೆಸರು ಇಟ್ಟಿರ್ತಾರೆ, ಆ ಪೇಜ್ ನಿಜವಾಗಿ ಇರಲ್ಲ, ಇಲ್ಲದ ಪೇಜನ್ನೆಲ್ಲಾ ವರ್ಡ್‌ಪ್ರೆಸ್ ತನ್ನ ಕಡೆ ಎಳ್ಕೊಳತ್ತೆ, ಅದು 404 ಅನ್ನತ್ತೆ, ಬ್ರೌಸರಿಗೆ 401 ತಲುಪೋದೇ ಇಲ್ಲ. ಪರಿಹಾರ ಒಂದೇ ಸಾಲು, ಆ ಫೋಲ್ಡರಿನ ಡಾಟ್ ಎಚ್‌ಟಿಆಕ್ಸೆಸ್ ಮೇಲ್ಭಾಗದಲ್ಲಿ ಎರರ್‌ಡಾಕ್ಯುಮೆಂಟ್ 401 ಡೀಫಾಲ್ಟ್ ಅಂತ ಇಂಗ್ಲಿಷಲ್ಲಿ ಸೇರಿಸಿ, ಎರರ್‌ಡಾಕ್ಯುಮೆಂಟ್ ಒಂದೇ ಪದ.

ಪಾಸ್‌ವರ್ಡ್ ಫೈಲ್ ಎಲ್ಲಿರ್ಬೇಕು ಅನ್ನೋದಕ್ಕೆ ಬರೋಣ. ಸಿಪ್ಯಾನೆಲ್ ಮೂಲಕ ಮಾಡಿದ್ರೆ ಅದು ಪಬ್ಲಿಕ್ ಎಚ್‌ಟಿಎಂಎಲ್‌ನ ಹೊರಗೆ ಬೇರೆ ಫೋಲ್ಡರಲ್ಲಿ ಇಡತ್ತೆ, ಅದೇ ಸರಿ. ಕೈಯಾರೆ ಮಾಡೋರು ಎಷ್ಟೋ ಜನ ಬೀಗ ಹಾಕೋ ಫೋಲ್ಡರ್ ಒಳಗೇ ಇಡ್ತಾರೆ. ಅಪಾಚೆಯ ಮಾಮೂಲಿ ಸೆಟ್ಟಿಂಗಲ್ಲಿ ಡಾಟ್ ಎಚ್‌ಟಿ ಅಂತ ಶುರುವಾಗೋ ಫೈಲನ್ನ ಹೊರಗೆ ಕೊಡಲ್ಲ ನಿಜ, ಆದ್ರೆ ಯಾರೋ ಫೈಲಿನ ಹೆಸರನ್ನ ಪಾಸ್‌ವರ್ಡ್ಸ್ ಡಾಟ್ ಟಿಎಕ್ಸ್‌ಟಿ ಅಂತ ಇಟ್ರೆ ಆ ರಕ್ಷಣೆ ಇಲ್ಲ. ಆ ಫೈಲಲ್ಲಿ ಪ್ರತಿ ಸಾಲಲ್ಲೂ ಯೂಸರ್‌ನೇಮ್, ಒಂದು ಕೋಲನ್, ಆಮೇಲೆ ಪಾಸ್‌ವರ್ಡಿನ ಹ್ಯಾಶ್ ಇರತ್ತೆ. ಹ್ಯಾಶ್ ಅಂದ್ರೆ ಹಿಟ್ಟು ಅಂದ್ಕೊಳ್ಳಿ, ರಾಗಿಯಿಂದ ಹಿಟ್ಟು ಮಾಡಬಹುದು, ಹಿಟ್ಟಿಂದ ರಾಗಿ ವಾಪಸ್ ಬರಲ್ಲ. ಹಾಗಂತ ಆ ಫೈಲ್ ಕಳ್ಳನ ಕೈಗೆ ಸಿಕ್ರೂ ಪರವಾಗಿಲ್ಲ ಅಂತಲ್ಲ, ಅವನು ಒಂದೊಂದೇ ಪಾಸ್‌ವರ್ಡ್ ಊಹಿಸಿ ಬೀಸಿ ನೋಡಿ ಹೊಂದತ್ತಾ ಅಂತ ಪರೀಕ್ಷೆ ಮಾಡಬಹುದು. ಅಪಾಚೆಯ ಎಂಡಿ5 ಪದ್ಧತಿ 1000 ಸಲ ಬೀಸತ್ತೆ, ಇವತ್ತಿನ ಕಂಪ್ಯೂಟರ್‌ಗೆ ಅದು ಕಮ್ಮಿ. ಬಿಕ್ರಿಪ್ಟ್ ಅನ್ನೋದು ಬೇಕಂತಲೇ ನಿಧಾನ ಮಾಡಿರೋದು, ಆಯ್ಕೆ ಇದ್ರೆ ಅದನ್ನೇ ತಗೊಳ್ಳಿ. ಹಳೇ ಕ್ರಿಪ್ಟ್ ಪದ್ಧತಿ ಮಾತ್ರ ಬೇಡವೇ ಬೇಡ, ಅದು ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ನೋಡತ್ತೆ, ನೀವು ನಾಕು ಪದ ಜೋಡಿಸಿದ್ರೂ ಒನಕೆ ಜಾಜಿಗೇ ಮುಗೀತು.

ಕಮಾಂಡ್ ಲೈನ್ ಬಳಸೋರಿಗೆ ಒಂದು ಮಾತು, ಇದು ನನಗೆ ಆಗಿದ್ದು. ಎಚ್‌ಟಿಪಾಸ್‌ಡಬ್ಲ್ಯುಡಿ ಅನ್ನೋ ಕಮಾಂಡಲ್ಲಿ ಸಿ ಅನ್ನೋ ಆಪ್ಷನ್ ಹೊಸ ಫೈಲ್ ಮಾಡೋಕೆ, ಅದೇ ಹೆಸರಿನ ಫೈಲ್ ಈಗಾಗ್ಲೇ ಇದ್ರೆ ಏನೂ ಕೇಳದೆ ಅಳಿಸಿ ಹೊಸದು ಬರೆಯತ್ತೆ. ಒಂದು ಕಡೆ ಇಪ್ಪತ್ತಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ಯೂಸರ್ ಮಾಡಿಕೊಟ್ಟಿದ್ದೆ, ಹೊಸಬರೊಬ್ಬರು ಸೇರಿದ್ರು, ಹಳೇ ಕಮಾಂಡನ್ನೇ ಹೆಸರು ಬದಲಾಯಿಸಿ ಹೊಡೆದೆ, ಸಿ ತೆಗೆಯೋದು ಮರೆತಿದ್ದೆ. ಮಾರನೇ ದಿನ ಬೆಳಿಗ್ಗೆ ಹೊಸಬರೊಬ್ಬರಿಗೆ ಬಿಟ್ಟು ಯಾರಿಗೂ ಬಾಗಿಲು ತೆರೀಲಿಲ್ಲ, ಅವತ್ತೇ ಅವರು ಅಂಕ ತುಂಬೋ ಕೊನೇ ದಿನ. ಬ್ಯಾಕಪ್ ಇತ್ತು, ಮಧ್ಯಾಹ್ನದೊಳಗೆ ಸರಿಹೋಯ್ತು, ಆದ್ರೆ ಅಷ್ಟು ಜನರ ಅರ್ಧ ದಿನ ಹೋಯ್ತು. ಮೊದಲ ಯೂಸರಿಗೆ ಮಾತ್ರ ಸಿ, ಎರಡನೆಯವರಿಂದ ಬೇಡ. ಬಿಕ್ರಿಪ್ಟ್‌ಗೆ ದೊಡ್ಡಕ್ಷರದ ಬಿ, ಒಬ್ಬರನ್ನ ತೆಗೆಯೋಕೆ ದೊಡ್ಡಕ್ಷರದ ಡಿ.

ಇನ್ನು ಎಚ್‌ಟಿಟಿಪಿಎಸ್, ಇದಿಲ್ಲದಿದ್ರೆ ಮೇಲಿನದ್ದೆಲ್ಲಾ ವ್ಯರ್ಥ. ಬೇಸಿಕ್ ಪದ್ಧತಿಯಲ್ಲಿ ಬ್ರೌಸರ್ ಯೂಸರ್‌ನೇಮು ಪಾಸ್‌ವರ್ಡು ಎರಡನ್ನೂ ಬೇಸ್64 ಅಂತ ಒಂದು ರೂಪಕ್ಕೆ ತಿರುಗಿಸಿ ಕಳ್ಸತ್ತೆ. ನೋಡೋಕೆ ಗುಪ್ತ ಲಿಪಿ ಥರ ಕಾಣತ್ತೆ, ಆದ್ರೆ ಯಾರು ಬೇಕಾದ್ರೂ ಒಂದು ಕ್ಷಣದಲ್ಲಿ ವಾಪಸ್ ಓದಬಹುದು. ಬೇಸಿಕ್ ಪದ್ಧತಿಯ ಆ 2015ರ ದಾಖಲೆಯಲ್ಲಿ ಉದಾಹರಣೆಗೆ ಕೊಟ್ಟಿರೋ ಯೂಸರ್ ಅಲ್ಲಾದ್ದೀನ್, ಪಾಸ್‌ವರ್ಡ್ ಓಪನ್ ಸೆಸಮಿ, ಗುಹೆ ಬಾಗಿಲ ಮಂತ್ರ ಪಕ್ಕದಲ್ಲಿ ನಿಂತವನಿಗೂ ಕೇಳಿಸಿಬಿಟ್ಟ ಕತೆ ನಿಮಗೆ ಗೊತ್ತಲ್ಲ, ಬರೀ ಎಚ್‌ಟಿಟಿಪಿಯಲ್ಲಿ ಆಗೋದೂ ಅದೇ. ಬಸ್‌ಸ್ಟ್ಯಾಂಡಿನ ಫ್ರೀ ವೈಫೈಯಲ್ಲಿ ಕೂತು ಕಮಿಟಿಯವರೊಬ್ಬರು ತೆಗೆದ್ರೆ ಪಾಸ್‌ವರ್ಡ್ ಗಾಳಿಯಲ್ಲಿ ಬತ್ತಲೆ ಹೋಗತ್ತೆ. ಎಚ್‌ಟಿಟಿಪಿಎಸ್ ಇದ್ರೆ ಇಡೀ ಮಾತುಕತೆಯೇ ಗುಪ್ತ ಆಗೋದ್ರಿಂದ ಈ ಭಯ ಇಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಚ್‌ಟಿಟಿಪಿಯಲ್ಲಿ ಬಂದವರನ್ನ ಎಚ್‌ಟಿಟಿಪಿಎಸ್‌ಗೆ ಕಳಿಸೋ ರೀರೈಟ್ ಸಾಲನ್ನ ಡಾಟ್ ಎಚ್‌ಟಿಆಕ್ಸೆಸ್ ಒಳಗೆ ಬರೆದಿದ್ರೆ, ಅಪಾಚೆ ಮೊದಲು ಪಾಸ್‌ವರ್ಡ್ ಕೇಳತ್ತೆ, ಆಮೇಲೆ ಕಳ್ಸತ್ತೆ, ಸಾಲುಗಳನ್ನ ಮೇಲೆ ಕೆಳಗೆ ಮಾಡಿದ್ರೂ ಇದೇ ಕ್ರಮ, ಯಾಕಂದ್ರೆ ಅದರ ಒಳಗಿನ ಹಂತಗಳೇ ಹಂಗಿವೆ. ಅಂದ್ರೆ ಪಾಸ್‌ವರ್ಡ್ ಒಂದ್ಸಲ ಬತ್ತಲೆ ಹೋಗಿ, ಆಮೇಲೆ ಎರಡನೇ ಸಲ ಗುಪ್ತವಾಗಿ ಕೇಳತ್ತೆ. ಎರಡೆರಡು ಸಲ ಬಾಕ್ಸ್ ಬರ್ತಿದೆ ಅಂತ ಯಾರಾದ್ರೂ ಅಂದ್ರೆ ಇದೇ ಅಂತ ತಿಳ್ಕೊಳ್ಳಿ. ಡಾಟ್ ಎಚ್‌ಟಿಆಕ್ಸೆಸ್ ಬದಲು ಸಿಪ್ಯಾನೆಲ್‌ನ ಡೊಮೇನ್ಸ್ ಪೇಜಲ್ಲಿ ಫೋರ್ಸ್ ಎಚ್‌ಟಿಟಿಪಿಎಸ್ ಅನ್ನೋ ಸ್ವಿಚ್ ಇದ್ರೆ ಅದನ್ನ ಆನ್ ಮಾಡಿ, ಆಮೇಲೆ ಎಚ್‌ಟಿಟಿಪಿ ಅಂತಲೇ ಟೈಪ್ ಮಾಡಿ ಬಾಕ್ಸ್ ಎಷ್ಟು ಸಲ ಬರತ್ತೆ ನೋಡಿ. ಕಮಿಟಿಯವರಿಗೆ ಲಿಂಕ್ ಕಳಿಸುವಾಗ ಎಚ್‌ಟಿಟಿಪಿಎಸ್ ಅಂತ ಪೂರ್ತಿ ಬರೆದೇ ಕಳ್ಸಿ.

ಇನ್ನೊಂದು, ಉಪ ಫೋಲ್ಡರ್‌ಗೆ ಮಾತ್ರ ಬೀಗ ಹಾಕಿ, ಇಡೀ ಪಬ್ಲಿಕ್ ಎಚ್‌ಟಿಎಂಎಲ್‌ಗೆ ಬೇಡ. ಸೈಟ್ ಮುಚ್ಚೋದೊಂದೇ ಅಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಥರದ ಉಚಿತ ಸರ್ಟಿಫಿಕೇಟ್‌ನವರು ಸೈಟ್ ನಿಮ್ಮದೇ ಹೌದಾ ಅಂತ ನೋಡೋಕೆ ಡಾಟ್ ವೆಲ್‌ನೋನ್ ಅನ್ನೋ ಫೋಲ್ಡರಲ್ಲಿ ಒಂದು ಫೈಲ್ ಓದ್ತಾರೆ, ಅದಕ್ಕೂ ಪಾಸ್‌ವರ್ಡ್ ಕೇಳಿದ್ರೆ ನವೀಕರಣ ಆಗಲ್ಲ. ಬೀಗ ಹಾಕಿದ ದಿನ ಏನೂ ಗೊತ್ತಾಗಲ್ಲ, ಒಂದೆರಡು ತಿಂಗಳಾದ ಮೇಲೆ ಎಲ್ಲರ ಬ್ರೌಸರೂ ಈ ಸೈಟ್ ಸುರಕ್ಷಿತ ಅಲ್ಲ ಅಂತ ಕೂಗತ್ತೆ.

ಪರೀಕ್ಷೆ ಹೆಂಗೆ ಮಾಡೋದು ಅಂದ್ರೆ, ಖಾಲಿ ಫೋಲ್ಡರಲ್ಲಿ ಒಂದು ಬಿಳಿ ಹಾಳೆಯ ಪಿಡಿಎಫು ಒಂದು ಫೋಟೋ ಹಾಕಿ. ಪ್ರೈವೇಟ್ ವಿಂಡೋ ತೆಗೆದು ಫೋಲ್ಡರ್ ಅಡ್ರೆಸ್ ಮಾತ್ರ ಅಲ್ಲ, ಆ ಪಿಡಿಎಫ್‌ನ ನೇರ ಅಡ್ರೆಸ್ಸೇ ಹಾಕಿ, ಆಮೇಲೆ ಫೋಟೋದ್ದು. ಮುಂದೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಸೇರಿಸಿ ಒಂದ್ಸಲ, ಸೇರಿಸದೆ ಒಂದ್ಸಲ, ಫೋನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಒಂದ್ಸಲ. ನೇರ ಅಡ್ರೆಸ್ ಯಾಕಂದ್ರೆ, ಕೆಲವು ಹೋಸ್ಟಿಂಗಲ್ಲಿ ಅಪಾಚೆ ಮುಂದೆ ಎಂಜಿನ್‌ಎಕ್ಸ್ ನಿಂತಿರತ್ತೆ, ಸ್ಪೀಡ್ ಆಗಲಿ ಅಂತ ಫೋಟೋ ಪಿಡಿಎಫ್ ಎಲ್ಲಾ ಅದೇ ನೇರವಾಗಿ ಕೊಟ್ಟುಬಿಡತ್ತೆ, ಅಪಾಚೆಯನ್ನ ಕೇಳೋದೇ ಇಲ್ಲ. ಪೇಜಿಗೆ ಪಾಸ್‌ವರ್ಡ್ ಕೇಳತ್ತೆ, ಮಾರ್ಕ್ಸ್ ಕಾರ್ಡ್ ಹಂಗೇ ತೆರೆಯತ್ತೆ. ಹೀಗಾದ್ರೆ ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿ ಆ ನೇರ ಕೊಡೋದನ್ನ ನಿಲ್ಲಿಸೋಕೆ ಹೇಳ್ಬೇಕು, ನಿಲ್ಲೋವರೆಗೆ ಫೈಲ್ ಒಳಗೆ ತರ್ಬೇಡಿ. ಸೈಟ್ ಬೇಗ ತೆರೆಯಲಿ ಅಂತ ನಡುವೆ ನಿಂತು ಪ್ರತಿ ಇಟ್ಕೊಂಡು ಕೊಡೋ ಕ್ಲೌಡ್‌ಫ್ಲೇರ್ ಥರದ್ದು ಮುಂದಿದ್ರೆ ಮುಂಚೆ ತೆಗೆದ ಫೈಲಿನ ಪ್ರತಿ ಅವರ ಕ್ಯಾಶ್‌ನಲ್ಲಿ ಉಳಿದಿರಬಹುದು, ಕ್ಯಾಶ್ ಪರ್ಜ್ ಮಾಡಿ, ಅಂದ್ರೆ ಆ ಪ್ರತಿಗಳನ್ನ ಅಳಿಸಿ. ಫೋಲ್ಡರ್ ಹೆಸರು ಬದಲಾಯಿಸಿ ಅಂದಿದ್ದು ಇದಕ್ಕೂ ಸೇರಿ.

ಕಮಿಟಿಯವರಿಗೆ ಒಂದು ಹೇಳಿ, ಇದರಲ್ಲಿ ಲಾಗೌಟ್ ಬಟನ್ ಇರಲ್ಲ. ಬ್ರೌಸರ್ ಪೂರ್ತಿ ಕ್ಲೋಸ್ ಮಾಡೋವರೆಗೂ ಅದು ಪಾಸ್‌ವರ್ಡ್ ನೆನಪಿಟ್ಟಿರತ್ತೆ, ಟ್ಯಾಬ್ ಮುಚ್ಚಿದ್ರೆ ಸಾಲದು. ಬೇರೆಯವರ ಕಂಪ್ಯೂಟರಲ್ಲಿ ನೋಡ್ಲೇಬೇಕಾದ್ರೆ ಪ್ರೈವೇಟ್ ವಿಂಡೋದಲ್ಲೇ ನೋಡಲಿ, ಡೌನ್‌ಲೋಡ್ ಮಾಡಿದ್ದನ್ನ ಅಳಿಸಲಿ.

ಈ ಬೀಗ ಬ್ರೌಸರಿಂದ ಬರೋರಿಗೆ ಮಾತ್ರ ಅನ್ನೋದೂ ಗೊತ್ತಿರಲಿ. ಅದೇ ಅಕೌಂಟಲ್ಲಿ ಓಡೋ ವರ್ಡ್‌ಪ್ರೆಸ್‌ನ ಯಾವುದೋ ಹಳೇ ಪ್ಲಗಿನ್ ಮೂಲಕ ಯಾರಾದ್ರೂ ಒಳಗೆ ಬಂದ್ರೆ ಅವರು ಡಿಸ್ಕಿಂದ ನೇರವಾಗಿ ಓದ್ತಾರೆ, ಡಾಟ್ ಎಚ್‌ಟಿಆಕ್ಸೆಸ್ ಅಲ್ಲಿ ಲೆಕ್ಕಕ್ಕೇ ಬರಲ್ಲ. ಹಾಗಾಗಿ ಪ್ಲಗಿನ್ ಅಪ್‌ಡೇಟ್ ಮಾಡಿ, ಬಳಸದೇ ಇರೋದನ್ನ ತೆಗೀರಿ, ಆಯ್ಕೆ ಮುಗಿದ ವಾರದಲ್ಲೇ ಆ ಸ್ಕ್ಯಾನ್‌ಗಳನ್ನ ಸರ್ವರಿಂದ ಅಳಿಸಿ, ಫೈಲ್ ಮ್ಯಾನೇಜರಿನ ಟ್ರ್ಯಾಶ್ ಕೂಡ ಖಾಲಿ ಮಾಡಿ. ಹೋದ ವರ್ಷದ್ದೂ ಅಲ್ಲೇ ಬಿದ್ದಿದ್ರೆ ಇವತ್ತೇ ತೆಗೀರಿ. ಮುಂದಿನ ಸಲದಿಂದ ಆಯ್ಕೆಗೆ ಬೇಕಾದ್ದು ಮಾತ್ರ ಕೇಳಿ. ಆಯ್ಕೆಗೆ ಪಾಸ್‌ಬುಕ್ ಯಾಕೆ ಬೇಕು, ಆಯ್ಕೆ ಆದವರಿಂದ ಆಮೇಲೆ ತಗೊಂಡ್ರೆ ಸಾಕಲ್ವಾ. ಆಧಾರ್ ಬೇಕೇ ಬೇಕು ಅಂದ್ರೆ ಕೊನೇ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲಾ ಮಕ್ಕಳು, ನಿಮ್ಮ ಎಸ್ಸೆಸ್ಸೆಲ್ಸಿ ಪಿಯುಸಿ ಅರ್ಜಿದಾರರು ಬಹುತೇಕ ಅದರಲ್ಲೇ ಬರ್ತಾರೆ, ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೂ ಇದೆ. ದಂಡಕ್ಕೆ ಹೆದರಿ ಅಂತ ಹೇಳ್ತಿಲ್ಲ, ಕಮಿಟಿಯಲ್ಲಿ ಯಾರಾದ್ರೂ ಇಷ್ಟೆಲ್ಲಾ ಯಾಕಪ್ಪಾ ಅಂದ್ರೆ ಹೇಳೋಕೆ ಇರಲಿ ಅಂತ.

ಕೊನೇದಾಗಿ, ಇಷ್ಟು ದಿನ ಫೋಲ್ಡರ್ ತೆರೆದೇ ಇತ್ತಲ್ಲ, ಯಾರಾದ್ರೂ ತೆಗೆದಿದಾರಾ ಅಂತ ನೋಡ್ಬೇಕು. ಗೂಗಲ್‌ನಲ್ಲಿ ನಿಮ್ಮ ಸೈಟಿನ ಹೆಸರಿನ ಜೊತೆ ಒಂದೆರಡು ಫೈಲ್ ಹೆಸರು ಹುಡುಕಿ, ಸಿಕ್ಕಿದ್ರೆ ಸೈಟ್ ಇಟ್ಕೊಂಡವರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ರಿಮೂವಲ್ಸ್ ಅಂತ ಇದೆ, ಅಲ್ಲಿ ಕೋರಿಕೆ ಹಾಕಿದ್ರೆ ಸುಮಾರು 6 ತಿಂಗಳು ಮರೆ ಮಾಡ್ತಾರೆ, ಅಷ್ಟರಲ್ಲಿ ಹಳೇ ಅಡ್ರೆಸ್ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗಿ ತಾವೇ ತೆಗೆದು ಹಾಕ್ತಾರೆ. ಸಿಪ್ಯಾನೆಲ್‌ನಲ್ಲಿ ರಾ ಆಕ್ಸೆಸ್ ಅಂತ ಇರತ್ತೆ, ಅಲ್ಲಿಂದ ಲಾಗ್ ಡೌನ್‌ಲೋಡ್ ಮಾಡಿ ಹಳೇ ಫೋಲ್ಡರಿನ ಹೆಸರಿರೋ ಸಾಲುಗಳನ್ನ ಮಾತ್ರ ಹೆಕ್ಕಿ, ಉದ್ಧರಣ ಚಿಹ್ನೆ ಒಳಗಿನ ಫೈಲ್ ಅಡ್ರೆಸ್ ಮುಗಿದ ತಕ್ಷಣ 200 ಅಂತ ಇರೋದೆಲ್ಲಾ ಫೈಲ್ ಕೈಗೆ ಸಿಕ್ಕಿದ್ದು. ಆರು ಜನ ಯಾವ್ಯಾವ ದಿನ ನೋಡಿದ್ರು ಅಂತ ಕೇಳಿ ಹೊಂದಿಸಿ, ಮೊಬೈಲ್ ಐಪಿ ಬದಲಾಗ್ತಾ ಇರೋದ್ರಿಂದ ದಿನಾಂಕ ಸಮಯ ನೋಡ್ಕೊಂಡೇ ಹೊಂದಿಸ್ಬೇಕು. ಯಾರದ್ದೂ ಅಲ್ಲದ ಸಾಲು ಉಳಿದ್ರೆ ಮುಚ್ಚಿಡ್ಬೇಡಿ, ಯಾವ ಮಕ್ಕಳ ಫೈಲ್ ಹೋಗಿದೆಯೋ ಅವರ ಮನೆಯವರಿಗೆ ನೀವೇ ಫೋನ್ ಮಾಡಿ ಹೇಳಿ, ಬ್ಯಾಂಕಿಗೆ ಒಂದು ಮಾತು ತಿಳಿಸೋಕೆ, ಓಟಿಪಿ ಕೇಳಿ ಬರೋ ಕರೆಗಳ ಬಗ್ಗೆ ಹುಷಾರಾಗಿರೋಕೆ ಅವರಿಗೆ ಸಮಯ ಸಿಗತ್ತೆ. ಲಾಗ್ ಮಾತ್ರ ಇವತ್ತೇ ಇಳಿಸಿಕೊಳ್ಳಿ, ತಿಂಗಳ ಕೊನೆಗೆ ಹಳೇದನ್ನ ಅಳಿಸೋ ಟಿಕ್ ಅದೇ ಪೇಜಲ್ಲಿ ಇರತ್ತೆ, ಅದು ಆನ್ ಇದ್ರೆ ಮೊದಲು ತೆಗೀರಿ.